ಒಂದು ಬಟ್ಟಲು ತಿಳಿಸಾರು



ಯಾಯೀರನ ಮಗಳ ಪ್ರಸಂಗವನ್ನು ನೀವೆಲ್ಲರೂ ಬಲ್ಲಿರಿ. ಹನ್ನೆರಡು ವರ್ಷದ ಬಾಲಕಿ. ಸತ್ತಳೆಂದು ಮನೆಯವರೆಲ್ಲ ಗೋಳಾಡುತ್ತಿರುವಾಗ ಯೇಸುಸ್ವಾಮಿ ಒಳಗೆ ಬಂದು ಅವಳ ಕೈಹಿಡಿದು ಎಬ್ಬಿಸುತ್ತಾರೆ. ಸಂತ ಮಾರ್ಕನ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿರುವ ಈ ಘಟನೆಯನ್ನು ನಾವು ಪವಾಡದ ಬೆರಗಿನಲ್ಲಿಯೇ ಓದಿ ಮುಗಿಸುತ್ತೇವೆ. ಕಡೆಯ ಮಾತು ನಮ್ಮ ಕಿವಿಗೆ ಬೀಳುವುದು ಕಡಿಮೆ. ಎದ್ದು ನಡೆದಾಡುತ್ತಿದ್ದ ಆ ಹುಡುಗಿಗೆ ತಿನ್ನಲು ಏನಾದರೂ ಕೊಡಿರೆಂದು ಪ್ರಭು ಮನೆಯವರಿಗೆ ಹೇಳುತ್ತಾರೆ. ಜೀವವನ್ನು ಮರಳಿ ಕೊಟ್ಟವರು ತಾವು. ಬಟ್ಟಲು ಹಿಡಿಯುವ ಕೆಲಸವನ್ನು ಮಾತ್ರ ಅವಳ ತಂದೆತಾಯಿಗೇ ಬಿಟ್ಟರು.

ಆ ತಾಯಿ ಏನನ್ನು ಕೊಟ್ಟಳೋ ಶುಭಸಂದೇಶ ಹೇಳುವುದಿಲ್ಲ. ಆದರೆ ಕಾಯಿಲೆಯಿಂದ ಎದ್ದ ಮಗುವಿಗೆ ಬಿಸಿಯಾದ, ತೆಳುವಾದ, ಗಂಟಲಲ್ಲಿ ಸಲೀಸಾಗಿ ಇಳಿಯುವ ಏನನ್ನಾದರೂ ಕೊಡಬೇಕೆಂಬುದು ಎಲ್ಲ ದೇಶದ ತಾಯಂದಿರೂ ಬಲ್ಲ ಸಂಗತಿ. ನಮ್ಮ ಕ್ರೈಸ್ತ ಮನೆಗಳಲ್ಲಿ ಅದು ಸಾಮಾನ್ಯವಾಗಿ ಕೋಳಿಯ ತಿಳಿಸಾರು, ಅಂದರೆ ಕೋಳಿ ಸೂಪು. ಈಗ ಅದೇ ಸೂಪು ಅಂಗಡಿಯಲ್ಲಿ ಪುಡಿಯಾಗಿ, ಸಣ್ಣ ಘನವಾಗಿ, ಪೊಟ್ಟಣದಲ್ಲಿ ಸಿಗುತ್ತದೆ. ಮನೆಯಲ್ಲಿ ಎರಡು ಗಂಟೆ ಕುದಿಸಿದ್ದು ಮೇಲೋ, ಎರಡು ನಿಮಿಷದಲ್ಲಿ ಬಿಸಿನೀರಿಗೆ ಕದಡಿದ್ದು ಸಾಕೋ? ಅತ್ತೆ ಸೊಸೆಯರ ನಡುವೆ ಎಷ್ಟೋ ಮನೆಗಳಲ್ಲಿ ನಡೆದಿರುವ ಈ ವಾದಕ್ಕೆ ನಾಲ್ಕು ಶತಮಾನಗಳ ಚರಿತ್ರೆಯಿದೆ. ಆ ಚರಿತ್ರೆಯನ್ನು ಓದಿದಾಗ ಎರಡೂ ಪಕ್ಷದವರು ಸ್ವಲ್ಪ ತಗ್ಗಬೇಕಾಗುತ್ತದೆ.

ಮುಚ್ಚಿದ ಕಿಟಕಿ

ನನ್ನ ಮಟ್ಟಿಗೆ ಈ ಚರಿತ್ರೆ ಬೆಂಗಳೂರಿನ ನರಸಿಂಹರಾಜ ಕಾಲೋನಿಯಿಂದ ಆರಂಭವಾಗುತ್ತದೆ. 1898ರ ಪ್ಲೇಗಿನ ಬಳಿಕ ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರತರಲು ಬಸವನಗುಡಿ, ಮಲ್ಲೇಶ್ವರಗಳಂತಹ ಬಡಾವಣೆಗಳು ಬೆಳೆದವು. ಬಸವನಗುಡಿಗೆ ಹೊಂದಿಕೊಂಡಂತೆ ಎನ್.ಆರ್. ಕಾಲೋನಿ ಇದೆ. ಅಲ್ಲಿ ಸಸ್ಯಾಹಾರಿ ಮನೆಗಳೇ ಹೆಚ್ಚು. ಬೆಳಗಿನ ಹೊತ್ತು ಬೀದಿಯಲ್ಲಿ ನಡೆದರೆ ಇಂಗಿನ ಒಗ್ಗರಣೆ, ಹುರಿದ ಕೊತ್ತಂಬರಿಬೀಜ ಮತ್ತು ಕಾಫಿಯ ಪರಿಮಳ. 1974ರಲ್ಲಿ ತಂದೆಯವರ ಕಚೇರಿಯ ಸ್ನೇಹಿತರೊಬ್ಬರ ಮಾತಿನ ಮೇಲೆ ನಮಗೆ ಅಲ್ಲಿ ಬಾಡಿಗೆ ಮನೆ ದೊರೆಯಿತು. ಪಕ್ಕದ ಮನೆಯಲ್ಲಿ ಮಡಿ ಆಚಾರದ ವೃದ್ಧೆಯೊಬ್ಬರಿದ್ದರು. ನಾವು ಮಕ್ಕಳು ಅವರನ್ನು ಅಜ್ಜಿ ಎಂದೇ ಕರೆಯುತ್ತಿದ್ದೆವು. ನಮ್ಮ ಅಡುಗೆಮನೆಯ ಕಿಟಕಿಗೂ ಅವರ ಹಿತ್ತಲಿಗೂ ನಡುವೆ ನಾಲ್ಕು ಮೊಳದ ಅಂತರ.

ಆ ವರ್ಷವೇ ನನ್ನ ತಮ್ಮನಿಗೆ ಟೈಫಾಯಿಡ್ ಬಂದಿತು. ಜ್ವರ ಬಿಟ್ಟ ಮೇಲೆ ಸೂಪು ಕೊಡಬಹುದೆಂದು ವೈದ್ಯರು ಹೇಳಿದರು. ತಂದೆ ಕೃಷ್ಣರಾಜ ಮಾರುಕಟ್ಟೆಯ ಕಡೆಯಿಂದ ಬಟ್ಟೆಯ ಚೀಲದಲ್ಲಿ ಕೋಳಿಯನ್ನು ತಂದರು. ಮೇಲೆ ದಂಟಿನ ಸೊಪ್ಪು ಮುಚ್ಚಿತ್ತು. ತಾಯಿ ಅಡುಗೆಮನೆಯ ಕಿಟಕಿಯನ್ನು ಭದ್ರವಾಗಿ ಮುಚ್ಚಿ, ಬಾಗಿಲ ಸಂದಿಗೆ ಹಳೆಯ ಸೀರೆ ತುರುಕಿ, ಸೀಮೆಎಣ್ಣೆ ಸ್ಟೌವಿನ ಮುಂದೆ ಬೆವರುತ್ತ ಕುಳಿತರು. ಎರಡನೆಯ ದಿನ ಕಿಟಕಿಯ ಹೊರಗಿನಿಂದ ಅಜ್ಜಿಯ ದನಿ ಕೇಳಿಸಿತು: "ಮಗೂಗೆ ಹುಷಾರಿಲ್ಲ ಅಂತ ತಾನೇ ಮಾಡ್ತಿರೋದು? ಕಿಟಕಿ ಯಾಕಮ್ಮ ಮುಚ್ಕೋತೀಯ? ಹೊಗೆ ಕುಡಿದು ನೀನೂ ಮಲಗಿದರೆ ಅವನನ್ನ ನೋಡೋರು ಯಾರು? ತೆಗಿ."

ತಾಯಿ ಕಿಟಕಿ ತೆಗೆದರು. ಅಜ್ಜಿ ಅಲ್ಲಿ ನಿಲ್ಲಲಿಲ್ಲ. ಮೂಗಿಗೆ ಸೆರಗು ಹಿಡಿದು ಒಳಗೆ ಹೋದರು. ಆ ಸೆರಗನ್ನೂ, ಆ ಮಾತನ್ನೂ ನಾನು ಇಂದಿಗೂ ಒಟ್ಟಿಗೇ ನೆನೆಯುತ್ತೇನೆ. ತಮ್ಮಿಂದ ಸಹಿಸಲಾಗದ ವಾಸನೆಯನ್ನು ಇನ್ನೊಬ್ಬರ ಮಗುವಿಗಾಗಿ ಸಹಿಸಿದರಲ್ಲ, ಅದಕ್ಕೆ ನಾವು ಯಾವ ಹೆಸರು ಕೊಡೋಣ?

ಕಟ್ಟು, ತಿಳಿ, ಮಾಂಸರಸ

ಪದಾರ್ಥವನ್ನು ನೀರಿನಲ್ಲಿ ಬೇಯಿಸಿ, ಅದರ ಸಾರವನ್ನು ಇಳಿಸಿಕೊಂಡು, ಆ ನೀರನ್ನೇ ಅಡುಗೆಗೆ ಆಧಾರವಾಗಿಸುವ ಕ್ರಮ ಪರದೇಶದಿಂದ ಬಂದದ್ದೆಂದು ತಿಳಿಯಬೇಡಿ. ಬೇಳೆ ಬೇಯಿಸಿ ಬಸಿದ ನೀರಿಗೆ ಕನ್ನಡದಲ್ಲಿ 'ಕಟ್ಟು' ಎಂಬ ಒಳ್ಳೆಯ ಹೆಸರಿದೆ. ಯುಗಾದಿಯಂದು ಹೋಳಿಗೆಗೆ ಕಡಲೆಬೇಳೆಯನ್ನು ಬೇಯಿಸಿದಾಗ ಉಳಿಯುವ ಕಟ್ಟು ಮಧ್ಯಾಹ್ನದ ಒಬ್ಬಟ್ಟಿನ ಸಾರಾಗುತ್ತದೆ. ಸೊಪ್ಪು ಕಾಳು ಬೇಯಿಸಿ ಬಸಿದ ನೀರು ಬಸ್ಸಾರಾಗುತ್ತದೆ. ಹುರುಳಿಕಟ್ಟಿನ ಸಾರನ್ನು ನಮ್ಮ ಹಳ್ಳಿಗಳ ಜನ ದಿನವಿಡೀ ಕುದಿಸಿ ಉಣ್ಣುತ್ತಾರೆ. ಅಕ್ಕಿಯ ಗಂಜಿತಿಳಿ ಬಡವರ ಮನೆಯ ಔಷಧವೇ ಸರಿ. ಸಂಸ್ಕೃತದಲ್ಲಿ 'ಸೂಪ' ಎಂದರೆ ಬೇಳೆಯ ಸಾರು. 'ಸೂಪಕಾರ' ಎಂದರೆ ಅಡುಗೆಯವನು. ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ಬರೆದ ಕನ್ನಡದ ಅಡುಗೆಯ ಕಾವ್ಯಕ್ಕೆ 'ಸೂಪಶಾಸ್ತ್ರ' ಎಂದೇ ಹೆಸರು.

ಮಾಂಸದ ತಿಳಿಯೂ ಇಲ್ಲಿ ಹೊಸದಲ್ಲ. ಆಯುರ್ವೇದದ ಚರಕಸಂಹಿತೆಯು ಕೃಶರಾದ ರೋಗಿಗಳಿಗೆ 'ಮಾಂಸರಸ'ವನ್ನು ಪುಷ್ಟಿಕರವೆಂದು ಹೇಳುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮಾಂಸದ ಅಡುಗೆಗಳ ವಿವರಗಳಿವೆ. ಅದೇ ಶತಮಾನದಲ್ಲಿ ಈಜಿಪ್ಟಿನಲ್ಲಿದ್ದ ಯೆಹೂದಿ ವೈದ್ಯ ಮೈಮೊನಿಡೀಸ್ ಕೋಳಿಯ ತಿಳಿಯನ್ನು ರೋಗಿಗಳಿಗೆ ಶಿಫಾರಸು ಮಾಡಿದರು. ಪವಿತ್ರ ಬೈಬಲಿನಲ್ಲಿಯೂ ಈ ತಿಳಿಯ ಸ್ಮರಣೆಯಿದೆ. ನ್ಯಾಯಸ್ಥಾಪಕರ ಗ್ರಂಥದ ಆರನೆಯ ಅಧ್ಯಾಯದಲ್ಲಿ ಗಿದ್ಯೋನನು ತನ್ನ ಬಳಿಗೆ ಬಂದ ದೇವದೂತನಿಗಾಗಿ ಆಡಿನ ಮರಿಯನ್ನು ಅಡುಗೆ ಮಾಡಿ, ಮಾಂಸವನ್ನು ಬುಟ್ಟಿಯಲ್ಲಿಯೂ ಸಾರನ್ನು ಪಾತ್ರೆಯಲ್ಲಿಯೂ ತರುತ್ತಾನೆ.

ಮಾಂಸಾಹಾರಿಯ ಮನೆಯಾಗಲಿ, ಸಸ್ಯಾಹಾರಿಯ ಮನೆಯಾಗಲಿ, ಕೆಲಸ ಒಂದೇ: ಗಟ್ಟಿಯಾದದ್ದನ್ನು ಅರಗಿಸಿಕೊಳ್ಳಲಾರದವನಿಗಾಗಿ ಬೆಂಕಿಯ ಮುಂದೆ ಇನ್ನೊಬ್ಬರು ನಿಲ್ಲುವುದು.

ಶಾತಿಯೋಂ ಊರಿನ ಭಾನುವಾರ

ಈಗ ಫ್ರಾನ್ಸ್ ದೇಶಕ್ಕೆ ಹೋಗೋಣ. ಏಕೆಂದರೆ ರೋಗಿಯ ಬಟ್ಟಲಿಗೆ ಒಂದು ಕ್ರಮವನ್ನು ರೂಪಿಸಿದವರು ಅಲ್ಲಿನ ಒಂದು ಸಣ್ಣ ಧರ್ಮಕೇಂದ್ರದ ಮಹಿಳೆಯರು.

1617ರ ಆಗಸ್ಟ್ ತಿಂಗಳ ಒಂದು ಭಾನುವಾರ. ಶಾತಿಯೋಂ ಎಂಬ ಊರಿನ ಗುರು ವಿನ್ಸೆಂಟ್ ದೆ ಪೌಲರು ಬಲಿಪೂಜೆಗೆ ಸಿದ್ಧರಾಗುತ್ತಿದ್ದಾಗ, ಊರಾಚೆಯ ಮನೆಯೊಂದರಲ್ಲಿ ಎಲ್ಲರೂ ಕಾಯಿಲೆ ಬಿದ್ದಿದ್ದಾರೆ, ನೋಡುವವರಿಲ್ಲ ಎಂಬ ಸುದ್ದಿ ಬಂದಿತು. ಅವರು ಪ್ರಬೋಧನೆಯಲ್ಲಿ ಅದನ್ನು ಪ್ರಸ್ತಾಪಿಸಿದರು. ಮಧ್ಯಾಹ್ನದ ಮೇಲೆ ತಾವೂ ಆ ಮನೆಗೆ ಹೊರಟಾಗ ದಾರಿಯುದ್ದಕ್ಕೂ ಹೋಗಿಬರುವ ಹೆಂಗಸರೇ! ಒಂದೇ ದಿನ ಆ ಮನೆಗೆ ಬಂದು ಬಿದ್ದ ಆಹಾರ ಕೆಟ್ಟುಹೋಗುವಷ್ಟಿತ್ತು. ನಾಳೆ ಮತ್ತೆ ಅವರಿಗೆ ಉಪವಾಸವೇ. ಈ ಊರಿನಲ್ಲಿ ಪ್ರೀತಿಗೆ ಕೊರತೆಯಿಲ್ಲ, ಕ್ರಮಕ್ಕೆ ಕೊರತೆಯಿದೆ ಎಂದು ವಿನ್ಸೆಂಟರು ಕಂಡುಕೊಂಡರು. ಸರದಿಯ ಮೇಲೆ ರೋಗಿಗಳಿಗೆ ಅಡುಗೆ ಮಾಡಿಕೊಂಡು ಹೋಗುವ ಮಹಿಳೆಯರ ಸಂಘ ಹೀಗೆ ಹುಟ್ಟಿತು.

ಆ ಸಂಘಕ್ಕೆ ಅವರು ಬರೆದುಕೊಟ್ಟ ನಿಯಮಾವಳಿಯನ್ನು ನಮ್ಮ ಧರ್ಮಕೇಂದ್ರಗಳ ಪ್ರತಿಯೊಂದು ಕುಟುಂಬವೂ ತಿಳಿದಿರಬೇಕು. ಸರದಿಯವಳು ಅಡುಗೆಯನ್ನು ಸಿದ್ಧಪಡಿಸಿ ರೋಗಿಯ ಮನೆಗೆ ಒಯ್ಯಬೇಕು. ಹೋದೊಡನೆ ನಗುಮುಖದಿಂದ ಮಾತನಾಡಿಸಬೇಕು. ಹಾಸಿಗೆಯ ಮೇಲೆ ತಟ್ಟೆಯನ್ನು ಅಣಿಗೊಳಿಸಿ, ರೋಗಿಯ ಕೈತೊಳೆಸಿ, ಪ್ರಾರ್ಥನೆ ಹೇಳಿ, ಸೂಪನ್ನು ಬಟ್ಟಲಿಗೆ ಬಗ್ಗಿಸಿ, ಪ್ರೀತಿಯಿಂದ ಉಣ್ಣುವಂತೆ ಹೇಳಬೇಕು. ಎಲ್ಲಕ್ಕಿಂತ ಮಿಗಿಲಾಗಿ ಒಂದು ಸೂಚನೆಯಿದೆ. ಮನೆಯಲ್ಲಿ ನೋಡಿಕೊಳ್ಳುವವರಿರುವ ರೋಗಿಗಳಿಂದ ಆರಂಭಿಸಿ, ಯಾರೂ ಇಲ್ಲದ ಒಂಟಿ ರೋಗಿಗಳ ಬಳಿಗೆ ಕೊನೆಯಲ್ಲಿ ಹೋಗಬೇಕು. ಒಂಟಿಯವರು ಕಾಯಲಿ ಎಂದಲ್ಲ; ಅವರ ಬಳಿ ಹೆಚ್ಚು ಹೊತ್ತು ಕುಳಿತಿರಲು ಆಗಲಿ ಎಂದು.

ಅಳತೆಯ ಚಮಚ ಹಿಡಿದು ಬರೆಯುವ ಅಡುಗೆಪುಸ್ತಕಗಳನ್ನು ನಾನು ಬಹಳ ನೋಡಿದ್ದೇನೆ. ಎಷ್ಟು ಉಪ್ಪು, ಎಷ್ಟು ಹೊತ್ತು, ಯಾವ ಪಾತ್ರೆ ಎಂದೆಲ್ಲ ಹೇಳಿ, ಪುಟಗಟ್ಟಲೆ ತಮ್ಮ ಹೊಗಳಿಕೆಯನ್ನೂ ಸೇರಿಸಿರುತ್ತಾರೆ. ಸೂಪನ್ನು ಕುಡಿಸಿದ ಮೇಲೆ ಎಷ್ಟು ಹೊತ್ತು ಬಳಿಯಲ್ಲಿ ಕುಳಿತಿರಬೇಕೆಂದು ಬರೆದ ಪಾಕವಿಧಾನ ನನಗೆ ಇದೊಂದೇ ದೊರೆತದ್ದು.

ಹಾಸಿಗೆಯ ಬಳಿಯಿಂದ ಕಾರ್ಖಾನೆಗೆ

ಆದರೆ ಎಲ್ಲ ರೋಗಿಗಳಿಗೂ ಇಂತಹ ನೆರೆಹೊರೆ ಇರುವುದಿಲ್ಲ. ಆದ್ದರಿಂದಲೇ ಕಡಿಮೆ ಖರ್ಚಿನಲ್ಲಿ, ಕಡಿಮೆ ಶ್ರಮದಲ್ಲಿ ಸಾರವನ್ನು ಸಂಗ್ರಹಿಸಿಡುವ ಪ್ರಯತ್ನಗಳು ನಡೆದವು. ಫ್ರಾನ್ಸಿನ ದೆನಿ ಪಾಪ್ಯಾಂ ಎಂಬ ವಿಜ್ಞಾನಿ 1679ರಲ್ಲಿ ಲಂಡನ್ನಿನಲ್ಲಿ ಒಂದು ಭದ್ರವಾದ ಪಾತ್ರೆಯನ್ನು ಪ್ರದರ್ಶಿಸಿದರು. ಹಬೆಯ ಒತ್ತಡದಿಂದ ಗಟ್ಟಿ ಎಲುಬೂ ಅದರಲ್ಲಿ ಮೆತ್ತಗಾಗುತ್ತಿತ್ತು. ಇಂದು ನಮ್ಮ ಮನೆಗಳಲ್ಲಿ ಸೀಟಿ ಹಾಕುವ ಕುಕ್ಕರಿನ ಮೂಲಪುರುಷ ಅದೇ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಪ್ಯಾರಿಸ್ಸಿನ ಆಸ್ಪತ್ರೆಗಳಲ್ಲಿ ಎಲುಬಿನಿಂದ ತೆಗೆದ ಜೆಲಟಿನ್ನಿನ ಸೂಪನ್ನು ಬಡ ರೋಗಿಗಳಿಗೆ ಹಂಚಲಾಯಿತು. ಅಗ್ಗದ ಪುಷ್ಟಿ ಎಂಬ ಭರವಸೆ ಬಹಳವಿತ್ತು. ಕುಡಿದವರು ಗೊಣಗಿದರು. ಕೊನೆಗೆ ಮಜಾಂಡಿ ಎಂಬ ಶರೀರಶಾಸ್ತ್ರಜ್ಞರ ಮುಂದಾಳತ್ವದ ವಿಜ್ಞಾನ ಅಕಾಡೆಮಿಯ ಸಮಿತಿ, ಜೆಲಟಿನ್ನೊಂದರಿಂದಲೇ ಜೀವ ಉಳಿಯದೆಂದು 1841ರಲ್ಲಿ ವರದಿ ಮಾಡಿತು. ದೇಹಕ್ಕೆ ಅಗತ್ಯವಾದ ಟ್ರಿಪ್ಟೊಫಾನ್ ಎಂಬ ಅಂಶ ಜೆಲಟಿನ್ನಿನಲ್ಲಿ ಇಲ್ಲವೆಂದು ಈಗ ನಮಗೆ ತಿಳಿದಿದೆ.

ಅದೇ ಕಾಲದ ದೊಡ್ಡ ರಸಾಯನಶಾಸ್ತ್ರಜ್ಞ ಜರ್ಮನಿಯ ಯುಸ್ಟುಸ್ ಫಾನ್ ಲೀಬಿಗ್. 1850ರ ದಶಕದ ಮೊದಲ ವರ್ಷಗಳಲ್ಲಿ ಮ್ಯೂನಿಕ್ ನಗರದ ಅವರ ಮನೆಗೆ ಅತಿಥಿಯಾಗಿ ಬಂದಿದ್ದ ಸ್ನೇಹಿತನ ಮಗಳು ಎಮ್ಮಾ ಮಸ್ಪ್ರಾಟ್ ತೀವ್ರವಾಗಿ ಕಾಯಿಲೆ ಬಿದ್ದಳು. ಯಾವ ಆಹಾರವೂ ಹೊಟ್ಟೆಯಲ್ಲಿ ನಿಲ್ಲದು. ಲೀಬಿಗ್ ಅವರು ಕೋಳಿಯ ಮಾಂಸವನ್ನು ಸಣ್ಣಗೆ ಕೊಚ್ಚಿ, ಬಹಳ ತೆಳುವಾದ ಆಮ್ಲದ ನೀರಿನಲ್ಲಿ ನೆನೆಸಿ, ಸೋಸಿದ ರಸವನ್ನು ಅವಳಿಗೆ ಕುಡಿಸಿದರು. ಹುಡುಗಿ ಚೇತರಿಸಿಕೊಂಡಳು. ಅವರು ಆ ವಿಧಾನವನ್ನು ಎಲ್ಲರಿಗೂ ತಿಳಿಯಲೆಂದು ಪ್ರಕಟಿಸಿದರು. ಮಾಂಸವನ್ನು ಬತ್ತಿಸಿ ಸತ್ತ್ವ ತೆಗೆಯುವ ಕ್ರಮವನ್ನು ಅವರು 1847ರಲ್ಲಿಯೇ ವಿವರಿಸಿದ್ದರು. ಆದರೆ ಒಂದು ಕಿಲೋ ಸತ್ತ್ವಕ್ಕೆ ಸುಮಾರು ಮೂವತ್ತು ಕಿಲೋ ಮಾಂಸ ಬೇಕು. ಯುರೋಪಿನ ಬೆಲೆಗೆ ಅದು ಬಡವನಿಗೆ ಎಟುಕದು. ದಕ್ಷಿಣ ಅಮೆರಿಕದ ಉರುಗ್ವೆಯಲ್ಲಿ ಚರ್ಮಕ್ಕಾಗಿ ದನಗಳನ್ನು ಕೊಂದು ಮಾಂಸವನ್ನು ಬಿಸಾಡುತ್ತಿದ್ದುದನ್ನು ಕಂಡ ಗೀಬರ್ಟ್ ಎಂಬ ಇಂಜಿನಿಯರು ಲೀಬಿಗ್ ಅವರ ಒಪ್ಪಿಗೆ ಪಡೆದು ಅಲ್ಲಿ ಕಾರ್ಖಾನೆ ತೆರೆದರು. 1865ರಲ್ಲಿ ಲಂಡನ್ನಿನಲ್ಲಿ ಕಂಪನಿ ಸ್ಥಾಪನೆಯಾಯಿತು. ಸತ್ತ್ವದ ಸೀಸೆಗಳು ಲೋಕದ ಅಂಗಡಿಗಳಿಗೆ ಬಂದವು.

ಈ ಸೀಸೆಯ ಹುಟ್ಟನ್ನು ಗಮನಿಸಿ. ಹಣದಾಸೆಯಿಂದ ಇದು ಆರಂಭವಾಗಲಿಲ್ಲ. ಕಾಯಿಲೆಯ ಹುಡುಗಿಯೊಬ್ಬಳ ಹಾಸಿಗೆಯ ಬಳಿ ನಿಂತು ಚಿಂತಿಸಿದ ಮನುಷ್ಯನೊಬ್ಬರಿಂದ ಇದಕ್ಕೆ ಬಲ ಬಂದಿತು. ಆದರೆ ಸೀಸೆಯನ್ನು ಹಡಗಿಗೆ ಏರಿಸಬಹುದು. ಹಾಸಿಗೆಯ ಬಳಿ ನಿಂತವರನ್ನು ಏರಿಸಲಾಗದು.

ಆ ಹೊತ್ತಿಗಾಗಲೇ ಇದನ್ನು ಸ್ಪಷ್ಟವಾಗಿ ಕಂಡವರು ಫ್ಲಾರೆನ್ಸ್ ನೈಟಿಂಗೇಲ್. ಕ್ರಿಮಿಯ ಯುದ್ಧದ ಆಸ್ಪತ್ರೆಗಳಲ್ಲಿ ದುಡಿದ ಆಕೆ 1860ರ ಸುಮಾರಿಗೆ ಹೊರತಂದ ಶುಶ್ರೂಷೆಯ ಪುಸ್ತಕದಲ್ಲಿ ಮಾಂಸದ ತಿಳಿಯ ಪುಷ್ಟಿಯ ಬಗ್ಗೆ ಜನರಿಗಿದ್ದ ಭ್ರಮೆಯನ್ನು ತಿದ್ದುತ್ತಾರೆ. ಕಾಲು ಲೀಟರಿಗಿಂತ ತುಸು ಹೆಚ್ಚಿನ ತಿಳಿಯನ್ನು ಬತ್ತಿಸಿ ನೋಡಿದರೆ ಉಳಿಯುವ ಗಟ್ಟಿ ಪದಾರ್ಥ ಒಂದು ಸಣ್ಣ ಚಮಚದಷ್ಟೂ ಇರದು ಎಂದು ಅವರು ತೋರಿಸಿದರು. ಹಾಗಿದ್ದರೂ ರೋಗಿಯನ್ನು ಚೇತರಿಸುವ ಯಾವುದೋ ಗುಣ ಅದರಲ್ಲಿದೆಯೆಂದು ಒಪ್ಪಿಕೊಂಡರು. ಇನ್ನೊಂದು ಮಾತನ್ನೂ ಅವರು ಒತ್ತಿ ಹೇಳಿದರು: ಎಷ್ಟೋ ರೋಗಿಗಳು ಆಹಾರವಿಲ್ಲದೆ ಬಳಲುವುದಿಲ್ಲ; ಅವರು ಯಾವಾಗ, ಹೇಗೆ ತಿನ್ನಬಲ್ಲರೆಂದು ನೋಡುವವರಿಲ್ಲದೆ ಬಳಲುತ್ತಾರೆ.

ಅಂಗಡಿಯ ಪಕ್ಷದ ವಾದ

ಇಲ್ಲಿಯವರೆಗೆ ಓದಿದವರು ನಾನು ಪೊಟ್ಟಣದ ವೈರಿಯೆಂದು ತೀರ್ಮಾನಿಸಬೇಡಿ. ಅಂಗಡಿಯ ಪರವಾಗಿಯೂ ಚರಿತ್ರೆಯಲ್ಲಿ ನ್ಯಾಯವಾದ ಮಾತುಗಳಿವೆ.

ಸ್ವಿಟ್ಜರ್ಲೆಂಡಿನಲ್ಲಿ 1880ರ ದಶಕದಲ್ಲಿ ಹೆಂಗಸರು ದಿನವಿಡೀ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದರು. ಅಡುಗೆಗೆ ಹೊತ್ತಿಲ್ಲ, ಕುಟುಂಬಗಳು ಸೊರಗುತ್ತಿದ್ದವು. ಇದನ್ನು ಕಂಡು ಮರುಗಿದ ವೈದ್ಯ ಫ್ರಿಡೋಲಿನ್ ಷೂಲರ್ ಅವರ ಸಲಹೆಯಂತೆ ಹಿಟ್ಟಿನ ಗಿರಣಿಯ ಮಾಲೀಕ ಯೂಲಿಯುಸ್ ಮ್ಯಾಗಿ ಅವರು ಬೇಳೆಕಾಳುಗಳ ಪುಡಿಯಿಂದ ಬೇಗನೆ ಕುದಿಯುವ ಸೂಪನ್ನು ತಯಾರಿಸಿದರು. ಅಂಗಡಿಯಲ್ಲಿ ನೀವು ನೋಡುವ ಸೂಪಿನ ಪೊಟ್ಟಣಗಳ ಹಿರಿಯಜ್ಜ ಅದು. ವಾಸ್ತವವಾಗಿ ಅದೊಂದು ಪರದೇಶದ ಬೇಳೆಕಟ್ಟು! 1908ರಲ್ಲಿ ಅವರ ಕಂಪನಿಯೇ ಸಾರದ ಘನವನ್ನೂ ಮಾರುಕಟ್ಟೆಗೆ ತಂದಿತು.

ನಮ್ಮ ಬೆಂಗಳೂರಿನ ಕಥೆಯೂ ಇದಕ್ಕೆ ದೂರವಲ್ಲ. ಉಡುಪಿಯ ಕಡೆಯಿಂದ ಬಂದ ಮೈಯ ಸೋದರರು 1924ರಲ್ಲಿ ಆರಂಭಿಸಿದ ಹೋಟೆಲು ಮುಂದೆ ಎಂ.ಟಿ.ಆರ್. ಎಂದು ಹೆಸರಾಗಿ ಲಾಲ್‌ಬಾಗ್ ರಸ್ತೆಯಲ್ಲಿ ನೆಲೆಯೂರಿತು. ತುರ್ತುಪರಿಸ್ಥಿತಿಯ ಕಾಲದಲ್ಲಿ ಸರ್ಕಾರ ಹೋಟೆಲು ತಿಂಡಿಗಳ ಬೆಲೆಯನ್ನು ಕಡಿತಗೊಳಿಸಿದಾಗ ನಷ್ಟ ತಾಳಲಾರದೆ ಆ ಸಂಸ್ಥೆ ಸಾರಿನಪುಡಿ, ದಿಢೀರ್ ತಿಂಡಿಯ ಹಿಟ್ಟುಗಳ ಕಡೆಗೆ ತಿರುಗಿತು. ಗಾಂಧಿಬಜಾರಿನಲ್ಲಿ 1948ರಲ್ಲಿ ತೆರೆದ ಸುಬ್ಬಮ್ಮನ ಅಂಗಡಿಯನ್ನು ಬಸವನಗುಡಿಯವರೆಲ್ಲ ಬಲ್ಲರು. ಮನೆಮನೆಗೆ ಹಪ್ಪಳ ಮಾರಿ ಜೀವನ ಸಾಗಿಸಿದ ವಿಧವೆಯೊಬ್ಬರು ಅದನ್ನು ಕಟ್ಟಿದರು. ಅಂಗಡಿಯ ಪುಡಿಗೆ ಕೈಯ ಸ್ಪರ್ಶವಿಲ್ಲ ಎಂದು ಹೇಳುವಾಗ ಆ ತಾಯಿಯನ್ನು ನೆನೆಯಬೇಕು. ನಾವು ಕೊಂಡ ಪುಡಿಯಿಂದ ಇನ್ನೊಂದು ಮನೆಯ ಒಲೆ ಉರಿದಿರುತ್ತದೆ.

ಇನ್ನೊಂದು ಸತ್ಯವನ್ನು ಗಂಡಸಾದ ನಾನು ಮುಚ್ಚಿಡಬಾರದು. ಮನೆಯಲ್ಲಿ ಕುದಿಸಿದ್ದೇ ಶ್ರೇಷ್ಠ ಎಂದು ನಾವು ಹೆಮ್ಮೆಯಿಂದ ಹೇಳುವಾಗ, ಕುದಿಸಿದವರು ಯಾರು? ಸೀರೆ ತುರುಕಿದ ಬಾಗಿಲ ಹಿಂದೆ ಸೀಮೆಎಣ್ಣೆಯ ಹೊಗೆ ಕುಡಿದವರು ನನ್ನ ತಾಯಿ. ತಂದೆಯಾಗಲಿ ನಾನಾಗಲಿ ಒಂದು ದಿನವೂ ಆ ಸ್ಟೌವಿನ ಮುಂದೆ ಕುಳಿತವರಲ್ಲ. ಹಗಲೆಲ್ಲ ದುಡಿದು ಸಂಜೆ ಎರಡು ಬಸ್ಸು ಹತ್ತಿಳಿದು ಬರುವ ಸೊಸೆ ಪೊಟ್ಟಣ ಒಡೆದರೆ ಅವಳನ್ನು ದೂರುವ ಹಕ್ಕು, ಕುಳಿತಲ್ಲಿಗೇ ಬಟ್ಟಲು ತರಿಸಿಕೊಂಡ ನಮಗೆ ಎಲ್ಲಿಂದ ಬಂದಿತು?

ವಿಜ್ಞಾನವೂ ಈ ವಾದದಲ್ಲಿ ಒಂದೇ ಪಕ್ಷ ಹಿಡಿಯಲಿಲ್ಲ. ಅಮೆರಿಕದ ನೆಬ್ರಾಸ್ಕಾದ ವೈದ್ಯ ಸ್ಟೀಫನ್ ರೆನಾರ್ಡ್ ಮತ್ತು ಸಂಗಡಿಗರು 2000ದಲ್ಲಿ 'ಚೆಸ್ಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಕೋಳಿ ಸೂಪಿನ ಬಗ್ಗೆ ಒಂದು ಅಧ್ಯಯನವನ್ನು ಪ್ರಕಟಿಸಿದರು. ಅವರು ಬಳಸಿದ್ದು ತಮ್ಮ ಹೆಂಡತಿಯ ಅಜ್ಜಿಯ ಕಾಲದಿಂದ ಬಂದ ಪಾಕವಿಧಾನ. ಶೀತವಾದಾಗ ಉರಿಯೂತಕ್ಕೆ ಕಾರಣವಾಗುವ ಒಂದು ಬಗೆಯ ಬಿಳಿ ರಕ್ತಕಣಗಳ ಚಲನೆಯನ್ನು ಆ ಸೂಪು ಪ್ರಯೋಗಾಲಯದಲ್ಲಿ ಸ್ವಲ್ಪಮಟ್ಟಿಗೆ ತಗ್ಗಿಸಿತು. ಅಂಗಡಿಯ ಸೂಪುಗಳನ್ನೂ ಪರೀಕ್ಷಿಸಿದಾಗ ಕೆಲವು ಅದೇ ಗುಣವನ್ನು ತೋರಿದವು, ಕೆಲವು ತೋರಲಿಲ್ಲ. ಇದು ಗಾಜಿನ ಪಾತ್ರೆಯಲ್ಲಿ ನಡೆದ ಪ್ರಯೋಗವೇ ಹೊರತು ರೋಗಿಗಳ ಮೇಲೆ ನಡೆದದ್ದಲ್ಲ.

ಆದರೂ ಕೊಳ್ಳುವವರು ಒಂದು ಎಚ್ಚರವನ್ನು ವಹಿಸಬೇಕು. ಪೊಟ್ಟಣದ ಹಿಂಬದಿಯಲ್ಲಿ ಪದಾರ್ಥಗಳ ಪಟ್ಟಿ ತೂಕದ ಇಳಿಕೆಯ ಕ್ರಮದಲ್ಲಿರುತ್ತದೆ. ಸಾರದ ಘನಗಳಲ್ಲಿ ಬಹುತೇಕ ಮೊದಲ ಹೆಸರೇ ಉಪ್ಪು. ಕೋಳಿಯ ಹೆಸರು ಕೆಳಗೆಲ್ಲೋ ಇರುತ್ತದೆ. ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇರುವ ಹಿರಿಯರಿಗೆ ಅದನ್ನು ಕದಡಿ ಕೊಡುವ ಮುನ್ನ ವೈದ್ಯರನ್ನು ಕೇಳುವುದು ಒಳಿತು. ಮನೆಯ ತಿಳಿಯಲ್ಲಾದರೋ ಉಪ್ಪು ನಮ್ಮ ಕೈಯಲ್ಲಿದೆ. ಅದರ ವಿಧಾನವೂ ಕಷ್ಟದ್ದಲ್ಲ. ಎಲುಬು ಸಹಿತ ಕೋಳಿಯನ್ನು ತಣ್ಣೀರಿಗೆ ಹಾಕಿ, ಮೇಲೆ ಬರುವ ನೊರೆಯನ್ನು ಸೌಟಿನಿಂದ ತೆಗೆದು, ಜಜ್ಜಿದ ಶುಂಠಿ ಬೆಳ್ಳುಳ್ಳಿ, ಕಾಳುಮೆಣಸು, ಚಿಟಿಕೆ ಅರಿಶಿನ ಸೇರಿಸಿ ಸಣ್ಣ ಉರಿಯಲ್ಲಿ ಎರಡು ಗಂಟೆ ಬಿಟ್ಟು ಸೋಸಿದರೆ ಆಯಿತು. ತಣ್ಣಗಾದಾಗ ಅದು ತುಸು ಹೆಪ್ಪುಗಟ್ಟಿದರೆ ಎಲುಬಿನ ಸಾರ ಇಳಿದಿದೆ ಎಂದು ತಿಳಿಯಿರಿ. ಆದರೆ ನೈಟಿಂಗೇಲರ ಚಮಚವನ್ನು ಮರೆಯದಿರಿ. ತಿಳಿಯೊಂದೇ ಸಾಲದು, ರೋಗಿಗೆ ಹಸಿವು ಮರಳಿದಂತೆಲ್ಲ ಬೇಳೆ, ಮೊಟ್ಟೆ, ಮಾಂಸವನ್ನೂ ಕೊಡುತ್ತ ಹೋಗಬೇಕು.

ಮಾರ್ಥಳ ಮನೆಯ ಮೂವರು

ಬೆಂಗಳೂರಿನಲ್ಲಿ ಗುಡ್ ಶೆಫರ್ಡ್ ಧರ್ಮಭಗಿನಿಯರು 1886ರಲ್ಲಿ ಆಸ್ಪತ್ರೆಯೊಂದನ್ನು ಆರಂಭಿಸಿದಾಗ ಅದಕ್ಕೆ ಸಂತ ಮಾರ್ಥಳ ಹೆಸರು ಬಂದಿತು. ನಮ್ಮಲ್ಲಿ ಅನೇಕರು ಅಲ್ಲಿಯೇ ಹುಟ್ಟಿದ್ದೇವೆ. ಅಡುಗೆಮನೆಯಲ್ಲಿ ದಣಿದು ಪ್ರಭುವಿನ ಮುಂದೆ ದೂರು ಹೇಳಿದ ಮಾರ್ಥಳ ಹೆಸರು ಆಸ್ಪತ್ರೆಗೆ ಬಂದದ್ದು ಎಷ್ಟು ಉಚಿತ! ರೋಗಿಯ ಶುಶ್ರೂಷೆಯಲ್ಲಿ ಬಹುಪಾಲು ಅಡುಗೆಮನೆಯ ಕೆಲಸವೇ ತಾನೆ? ಹಿಂದೆ ಜುಲೈ 29ರಂದು ಮಾರ್ಥಳೊಬ್ಬಳ ಸ್ಮರಣೆಯನ್ನು ಮಾತ್ರ ಆಚರಿಸಲಾಗುತ್ತಿತ್ತು. 2021ರಲ್ಲಿ ಧರ್ಮಸಭೆ ಆ ದಿನವನ್ನು ಮಾರ್ಥ, ಮರಿಯ ಮತ್ತು ಲಾಜರ ಈ ಮೂವರ ಸ್ಮರಣೆಯನ್ನಾಗಿ ಮಾಡಿತು. ಅಡುಗೆ ಮಾಡಿದವಳು, ಪಕ್ಕದಲ್ಲಿ ಕುಳಿತವಳು, ಕಾಯಿಲೆ ಬಿದ್ದವನು: ಒಂದು ಮನೆಯ ಮೂವರೂ ಈಗ ಒಂದೇ ದಿನದಲ್ಲಿ ಸೇರಿದ್ದಾರೆ. ಮನೆಯ ಸಾರೋ ಅಂಗಡಿಯ ಸಾರೋ ಎಂಬ ನಮ್ಮ ಪ್ರಶ್ನೆಗೆ ಇಲ್ಲಿ ಒಂದು ಉತ್ತರವಿದೆ. ಪೊಟ್ಟಣವು ಮಾರ್ಥಳ ಕೆಲಸವನ್ನು ಹಗುರಗೊಳಿಸಬಹುದು. ಹಾಗೆ ಉಳಿದ ಎರಡು ಗಂಟೆಯನ್ನು ಮರಿಯಳಂತೆ ಬಳಿಯಲ್ಲಿ ಕುಳಿತಿರಲು ಬಳಸಿದರೆ ಆ ಪೊಟ್ಟಣಕ್ಕೆ ದೋಷವಿಲ್ಲ. ಉಳಿದ ಹೊತ್ತೂ ಬೇರೆಡೆಗೆ ಹರಿದುಹೋಗಿ, ರೋಗಿಯ ಮುಂದೆ ಬಟ್ಟಲೊಂದೇ ಹಬೆಯಾಡುತ್ತಿದ್ದರೆ, ಅದು ನಾಟಿಕೋಳಿಯ ಸೂಪೇ ಆಗಿದ್ದರೂ ಅರ್ಧ ಆಹಾರವಷ್ಟೆ.

ಎನ್.ಆರ್. ಕಾಲೋನಿಯ ಅಜ್ಜಿಯ ಕಥೆಯನ್ನು ಮುಗಿಸಿ ನಿಮ್ಮನ್ನು ಬೀಳ್ಕೊಡುತ್ತೇನೆ. ಮೂರು ವರ್ಷಗಳ ನಂತರ ಅವರು ಕಾಲು ಮುರಿದುಕೊಂಡು ಮಲಗಿದರು. ಮಕ್ಕಳು ದೂರದೂರಿನಲ್ಲಿದ್ದರು. ನಮ್ಮ ಮನೆಯಲ್ಲಿ ಬೇಯಿಸಿದ್ದನ್ನು ಅವರು ಉಣ್ಣುವುದಿಲ್ಲವೆಂದು ತಾಯಿಗೆ ಗೊತ್ತಿತ್ತು. ತಾಯಿ ಅದಕ್ಕೆ ನೊಂದುಕೊಳ್ಳಲಿಲ್ಲ. ಬೆಳಿಗ್ಗೆ ಸ್ನಾನ ಮಾಡಿ, ಅಜ್ಜಿಯ ಅಡುಗೆಮನೆಯ ಹೊಸಿಲಿನಲ್ಲಿ ನಿಂತು, "ಒಳಗೆ ಬರಬಹುದಾ ಅಮ್ಮ?" ಎಂದು ಕೇಳಿದರು. ಅಜ್ಜಿ ಬಹಳ ಹೊತ್ತು ಸುಮ್ಮನಿದ್ದು, "ಬಾರಮ್ಮ. ಬೇಳೆ ಡಬ್ಬಿ ಎಡಗಡೆ ಇದೆ" ಎಂದರು. ಆ ದಿನ ಅಜ್ಜಿಯ ಪಾತ್ರೆಯಲ್ಲಿ, ಅಜ್ಜಿಯ ಒಲೆಯ ಮೇಲೆ, ಹಾಸಿಗೆಯಿಂದ ಅವರು ಹೇಳಿದಂತೆಯೇ ನನ್ನ ತಾಯಿ ಕಟ್ಟಿನ ಸಾರು ಮಾಡಿದರು. ಉಪ್ಪು ಕಡಿಮೆಯಾಗಿತ್ತಂತೆ. ಅಜ್ಜಿ ಅದನ್ನು ಹೇಳಿದರು, ಮತ್ತು ಪೂರ್ತಿ ಉಂಡರು. ತಾಯಿ ಮನೆಗೆ ಮರಳಿದಾಗ ಮಧ್ಯಾಹ್ನ ಮೂರು ಗಂಟೆ. ಅಡುಗೆಗೆ ಅಷ್ಟು ಹೊತ್ತು ಬೇಕಾಗಿರಲಿಲ್ಲ.

ನಿಮ್ಮ ಧರ್ಮಕೇಂದ್ರದಲ್ಲಿಯೂ ಇಂದು ಹಾಸಿಗೆ ಹಿಡಿದ ಒಬ್ಬರಾದರೂ ಇರಬಹುದು. ಮಕ್ಕಳು ಪರದೇಶದಿಂದ ಹಣ ಕಳಿಸುತ್ತಾರೆ, ಊಟ ಬಾಗಿಲಿಗೇ ಬರುತ್ತದೆ, ಬಾಗಿಲು ಮತ್ತೆ ಮುಚ್ಚಿಕೊಳ್ಳುತ್ತದೆ. ಮುಂದಿನ ಭಾನುವಾರ ಬಲಿಪೂಜೆ ಮುಗಿದ ಮೇಲೆ ಅಲ್ಲಿಗೆ ಹೋಗಿ. ಸಾರು ಮನೆಯದಾದರೂ ಸರಿ, ಅಂಗಡಿಯದಾದರೂ ಸರಿ. ಇತರ ಮನೆಗಳಿಗೂ ಹೋಗುವುದಿದ್ದರೆ ಅವನ್ನೆಲ್ಲ ಮೊದಲು ಮುಗಿಸಿಕೊಂಡು, ಒಂಟಿಯಾಗಿರುವವರ ಮನೆಗೆ ಕೊನೆಯಲ್ಲಿ ಹೋಗಿ.